ಸ್ಲಾಲಮ್ (ಒಂದ ಸ್ಕೀ ಮ್ಯಾಲ ಹೋಗೋ) ವಾಟರ್ ಸ್ಕೀ: 84 ಕೆಜಿ ಅದೀನಿ, ಬೋಟ್ ಸ್ಪೀಡ್ 45, ಯಾವ್ದು ತರಸ್ಲಿ?

ಸಪ್ತಾಪುರ_ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಂದು ಧಾರವಾಡ, ಕೆಲಸದ ಸಲುವಾಗಿ ಈಗ ಹುಬ್ಬಳ್ಳಿ ವಿದ್ಯಾನಗರದಾಗ ಇರ್ತೀನಿ. ವಾಟರ್ ಸ್ಕೀಯಿಂಗ್ ಶುರು ಮಾಡಿ ಎರಡು ವರ್ಷ ಆತು. ಗೆಳೆಯಾ ಒಬ್ಬಾಂವ ಗೋವಾದಾಗ ಬೋಟ್ ಇಟ್ಟಾನ, ಮಳಿಗಾಲ ಮುಗೀತಂದ್ರ ತಿಂಗಳಿಗೆ ಎರಡು ಸಲ ನಸುಕಿನ್ಯಾಗ ಎದ್ದು ಅನಮೋಡ ಘಾಟ್ ಇಳದು ಹೋಗಿಬಿಡ್ತೀನಿ, ಗಾಳಿ ಏಳೂಕಿಂತ ಮುಂಚೆ ನದಿ ನೀರು ಎಣ್ಣಿ ಸುರದಂಗ ಸಪಾಟ ಇರ್ತೈತಲ್ರಿ, ಆ ಒಂದು ತಾಸಿನ ಸಲುವಾಗಿ ಇಡೀ ವಾರ ಕಾಯ್ತೀನಿ.

ಮೊದಲ ವರ್ಷ ಎರಡು ಸ್ಕೀ ಮ್ಯಾಲ ನಿಂತೆ, ಹೋದ ವರ್ಷ ಓಡೂವಾಗ ಒಂದು ಕಳಚಿ ಒಂದರ ಮ್ಯಾಲ ಹೋಗೋದು ಕಲತೆ. ಈಗ ನೀರಾಗ ಕುಂತಲ್ಲಿಂದ ಒಂದ ಸ್ಕೀ ಮ್ಯಾಲ ಏಳ್ತೀನಿ, ಆದ್ರ ಹತ್ತು ಸಲದಾಗ ಆರು ಸಲ ಅಷ್ಟ, ಉಳದ ನಾಕು ಸಲ ಹಿಡಿಕಿ ಕೈ ಬಿಟ್ಟು ಹೋಗಿಬಿಡ್ತೈತಿ. ಬೋಟ್ ತಾಸಿಗೆ 45 ಕಿಮೀದಾಗ ಇರ್ತೈತಿ. ಬೋಟಿನ ಹಿಂದಿನ ಎರಡೂ ತೆರಿ ದಾಟಿ ಆ ಕಡೆ ಈ ಕಡೆ ಹೋಗ್ತೀನಿ, ಬಲಕ್ಕ ತಿರುವು ಚೊಲೋ ಬರ್ತೈತಿ, ಎಡಕ್ಕ ತಿರುಗೂವಾಗ ಹಿಂದಿನ ತುದಿ ಜಾರಿಧಂಗ ಆಗ್ತೈತಿ. ನೀರಾಗ ತೇಲಿಬಿಟ್ಟ ಬಾಲ್ ಸುತ್ತಿ ಹೋಗೋದು ಇನ್ನೂ ಮಾಡಿಲ್ಲ. ಸದ್ಯ ಗೆಳೆಯಾನ ಜೋಡಿ ಸ್ಕೀದಾಗಿನ ಒಂದು, 67 ಇಂಚಿಂದು, ಅದ್ರ ಮ್ಯಾಲ ಮಾಡಾಕತ್ತೀನಿ.

ಈಗ ವಿಷಯ ಏನಂದ್ರ ನಮ್ಮ ಅಕ್ಕನ ಗಂಡ ದೀಪಾವಳಿಗೆ ಅಮೆರಿಕದಿಂದ ಬರಾಕತ್ತಾರ, ಒಂದು ಸ್ಕೀ ತರ್ತೀನಿ ಯಾವ್ದು ಬೇಕು ಹೇಳು ಅಂದಾರ. ಅವರ ಕಡೆ ಎರಡು ಅದಾವು. ಒಂದು 65 ಇಂಚಿನ ಪೂರಾ ಕಾರ್ಬನ್ ಟೂರ್ನಮೆಂಟ್ ಸ್ಕೀ, ಸೆಕೆಂಡ್ ಹ್ಯಾಂಡ್, ಪರಿಚಯದವರು ಬಾಳ ಕಮ್ಮಿ ರೊಕ್ಕಕ್ಕ ಕೊಡ್ತಾರ. ಇನ್ನೊಂದು ಹೊಸಾದು, 68 ಇಂಚು, ಅಗಲ ಜಾಸ್ತಿ, ಸಾದಾ ಗ್ಲಾಸ್ ಫೈಬರಿಂದು. ನನ್ನ ಮನಸು ಕಾರ್ಬನ್ ಕಡೆ ಎಳ್ಯಾಕತ್ತೈತಿ, ಹೆಂಗೂ ಕಲತ ಮ್ಯಾಲ ಅದ ಬೇಕಾಗ್ತೈತಿ, ಎರಡೆರಡು ಸಲ ಯಾಕ ತಗೋಬೇಕು ಅಂತ. ತಿಳದೋರು ಹೇಳ್ರಿ.

ಹಾನಗಲ್ಲಿನ_ಅಣ್ಣ:
ತಮ್ಮಾ, 65ರ ಕಾರ್ಬನ್ ಬ್ಯಾಡ. ನಾ ದುಬೈದಾಗ ಒಂಬತ್ತು ವರ್ಷ ಸ್ಕೀ ಬೋಟ್ ಓಡಿಸೀನಿ, ಈಗ ಊರಿಗೆ ಬಂದು ತ್ವಾಟ ನೋಡ್ಕೊಂಡು ಅದೀನಿ. ಹಿಂದ ಎಳಸ್ಕೊಳ್ಳೋರನ್ನ ಬೋಟಿನ ಕನ್ನಡಿಯೊಳಗ ನೋಡಿ ನೋಡಿ, ಒಬ್ಬಾಂವ ನೀರಿಂದ ಏಳೂದ್ರಾಗ ಅವನ ಕಾಲಾಗಿನ ಸ್ಕೀ ಅವಂಗ ಹೊಂದೈತೋ ಇಲ್ಲೋ ಗೊತ್ತಾಗಿಬಿಡ್ತಿತ್ತು.

ಸ್ಕೀ ಆರಿಸೋದು ತೂಕ ನೋಡಿ, ಬೋಟಿನ ಸ್ಪೀಡ್ ನೋಡಿ, ಆಮ್ಯಾಲ ಎಷ್ಟು ಪಳಗೀದಿ ಅನ್ನೋದು ನೋಡಿ. ಎತ್ತರ ಲೆಕ್ಕಕ್ಕ ಬರಂಗಿಲ್ಲ, ಬಾಳ ಮಂದಿ ಅಲ್ಲೇ ತಪ್ಪತಾರ. 65 ಕೆಜಿ ಇದ್ದಾಂವಂಗ ಸುಮಾರು 65-66 ಇಂಚು ಬರ್ತೈತಿ, 75 ಇದ್ರ 66-67, ನಿನ್ನಂಗ 85ರ ಹತ್ರ ಇದ್ದೋರಿಗೆ 67-68, ಅದಕ್ಕೂ ಮ್ಯಾಲಿನವರಿಗೆ 69. 55-58ರ ಸ್ಪೀಡಿನ್ಯಾಗ ಹೋಗೋರು ಒಂದು ಇಂಚು ಕಮ್ಮಿ ತಗೊಂಡ್ರ ನಡೀತೈತಿ, ಯಾಕಂದ್ರ ಸ್ಪೀಡ ಅವರನ್ನ ಎತ್ತಿ ಹಿಡೀತೈತಿ. ನೀ 84 ಕೆಜಿ ಇದ್ದು 45ರಾಗ 65 ಹಾಕ್ಕೊಂಡ್ರ ಏನಾಗ್ತೈತಿ ಗೊತ್ತೇನು, ಸ್ಕೀದ ಹಿಂದಿನ ತುದಿ ನೀರಾಗ ಇಳದು ಮೂತಿ ಮ್ಯಾಲ ಏಳ್ತೈತಿ, ಸ್ಕೀ ನೀರಿನ ಮ್ಯಾಲ ಓಡೂದು ಬಿಟ್ಟು ನೀರ ನೂಕ್ಕೊಂತ ಹೋಗ್ತೈತಿ, ಆ ಎಳತ ಪೂರಾ ನಿನ್ನ ಮುಂಗೈ ಮ್ಯಾಲ, ನಡದ ಮ್ಯಾಲ. ಈಗ ಹತ್ತರಾಗ ಆರು ಸಲ ಏಳಾಕತ್ತೀದಿ, ಅದು ಎರಡಕ್ಕ ಬರ್ತೈತಿ. ಎರಿ ಹೊಲದಾಗ ಮಳಿ ಬಿದ್ದ ಮ್ಯಾಲ ಸಣ್ಣ ಗಾಲಿ ಹೂತು ಹೋಗಿ ಎತ್ತು ಬಸವಳೀತಾವಲ್ಲ, ಹಂಗ.

ಉದ್ದ ಒಂದ ನೋಡಬ್ಯಾಡ. ಸ್ಕೀನ ಸಪಾಟ ನೆಲದ ಮ್ಯಾಲ ಇಟ್ಟು ಪಕ್ಕಕ್ಕ ಕುಂತು ನೋಡು, ಮುಂದಿಂದ ಹಿಂದಕ್ಕ ಬಾಗಿರತೈತಿ, ಅದಕ್ಕ ರಾಕರ್ ಅಂತಾರ. ಬಾಗು ಜಾಸ್ತಿ ಇದ್ರ ಸಲೀಸ ತಿರುಗತೈತಿ ಆದ್ರ ಓಟ ಕಮ್ಮಿ, ಬಾಗು ಕಮ್ಮಿ ಇದ್ರ ಬಾಣದಂಗ ಓಡ್ತೈತಿ, ತಿರುಗಿಸಾಕ ನೀನ ಬಲ ಹಾಕಬೇಕು. ಆಮ್ಯಾಲ ತಿರುವಿ ತಳ ನೋಡು, ಮರಿಗಿ ಹಂಗ ತಗ್ಗು ಇರ್ತೈತಿ. ಟೂರ್ನಮೆಂಟ್ ಸ್ಕೀದಾಗ ಆ ತಗ್ಗು ಈ ಅಂಚಿನಿಂದ ಆ ಅಂಚಿನ ತನಕ ಇರ್ತೈತಿ, ನೀರ ಗಟ್ಟಿ ಹಿಡೀತೈತಿ, ನೀ ಸ್ವಲ್ಪ ವಾಲಿದ್ರೂ ಅದು ಪೂರಾ ಕೇಳ್ತೈತಿ. ಪಳಗಿದವಂಗ ಅದು ಚೊಲೋ. ಇನ್ನೂ ಕಲಿಯೋವಂಗ ತಳ ಸ್ವಲ್ಪ ಸಪಾಟ, ನಡುವ ಅಷ್ಟ ತಗ್ಗು, ಅಂಚು ಗುಂಡಗ ಇದ್ದದ್ದ ಬೇಕು, ಯಾಕಂದ್ರ ನೀ ಮಾಡೋ ಸಣ್ಣ ತಪ್ಪನ್ನ ಅದು ನುಂಗಿಕೊಳ್ತೈತಿ.

ಎಡಕ್ಕ ಜಾರೋದು ಸ್ಕೀ ತಪ್ಪಲ್ಲ. ಯಾವ ಕಾಲು ಮುಂದ ಇಡ್ತೀವಿ ಅನ್ನೂದರ ಮ್ಯಾಲ ಎಲ್ಲಾರಿಗೂ ಒಂದು ಕಡೆ ತಿರುವು ಸೋಲತೈತಿ. ಹಿಂದಿನ ಕಾಲಿನ ಮ್ಯಾಲ ಕುಂದರಬ್ಯಾಡ, ಮುಂದಿನ ಮಣಕಾಲ ಬಾಗಿಸಿ ತೂಕ ಮುಂದ ತಾ.

ಕಲ್ಯಾಣನಗರ_ಸರ್:
ಹಾನಗಲ್ಲಿನವರು ಹೇಳಿದ್ದು ಖರೇ ಅದ. ಅದರ ಹಿಂದಿನ ಲೆಕ್ಕ ಇಷ್ಟ. ನೀರು ಸ್ಕೀನ ಎತ್ತಿ ಹಿಡಿಯೋ ಬಲ ಸ್ಕೀದ ಅಗಲ-ಉದ್ದದ ಮ್ಯಾಲೆ ಅದ, ಮತ್ತ ಸ್ಪೀಡಿನ ವರ್ಗದ ಮ್ಯಾಲೆ ಅದ. 45ರಿಂದ 58ಕ್ಕ ಹೋದ್ರ ಸ್ಪೀಡ್ ಹೆಚ್ಚಾಗೋದು ಸುಮಾರು 1.29 ಪಟ್ಟು, ಆದ್ರ ಅದೇ ಸ್ಕೀ ಅದೇ ಕೋನದಾಗ ಇದ್ರ ಸಿಗೋ ಆಧಾರ 1.66 ಪಟ್ಟು. ಅಂದ್ರ 58ರಾಗ ಓಡೋರಿಗೆ ಮಾಡಿದ ಸಣ್ಣ ಸ್ಕೀ ನಿಮ್ಮ 45ರಾಗ ಮೂರರಾಗ ಎರಡು ಪಾಲಿಗಿಂತ ಕಮ್ಮಿ ಆಧಾರ ಕೊಡ್ತದ. ಆ ಕೊರತಿ ತುಂಬಸಾಕ ಅಗಲ ಬೇಕು.

ಮೊದಲಿನ ಸ್ಕೀ ಹೆಂಗಿತ್ತು ನೋಡ್ರಿ. 1922ರಾಗ ಅಮೆರಿಕದ ಮಿನ್ನೆಸೋಟಾದಾಗ ಲೇಕ್ ಪೆಪಿನ್ ಅನ್ನೋ ಸರೋವರದಾಗ ರಾಲ್ಫ್ ಸ್ಯಾಮುಯೆಲ್ಸನ್ ಅನ್ನೋ 18 ವರ್ಷದ ಹುಡುಗ ನೀರಿನ ಮ್ಯಾಲೆ ಸ್ಕೀ ಮಾಡಿದ. ಮೊದಲು ಪೀಪಾಯಿಯ ಪಟ್ಟಿ ಕಟ್ಕೊಂಡು ನೋಡಿದ, ಆಗಲಿಲ್ಲ, ಹಿಮದ ಸ್ಕೀ ಹಾಕ್ಕೊಂಡು ನೋಡಿದ, ಅದೂ ಆಗಲಿಲ್ಲ. ಕಡೀಕ 8 ಅಡಿ ಉದ್ದ, 9 ಇಂಚು ಅಗಲದ ಎರಡು ಹಲಗಿ ತಂದು, ತುದಿ ಬಿಸಿನೀರಾಗ ಕುದಿಸಿ ಮ್ಯಾಲಕ್ಕ ಬಾಗಿಸಿದ ಮ್ಯಾಲೆನೇ ಎದ್ದು ನಿಂತ. ಅಣ್ಣ ಬೋಟ್ ನಡಸ್ತಿದ್ದ. ಆಗಿನ ಬೋಟಿಗೆ ಈಗಿನ ಓಟ ಎಲ್ಲಿಂದ ಬರಬೇಕು, ಅಗಲ ಹಲಗಿನೇ ಅವನ್ನ ಎತ್ತಿತು.

ಗದಗಿನಕಿ:
ನಾನು ಗದಗಿನಕಿ, ಈಗ ಪರ್ತ್‌ನಾಗ ನರ್ಸ್ ಅದೀನಿ. ಅಣ್ಣಾರ, ನೀವು ಕೇಳಿದ ಪ್ರಶ್ನೆಗೆ ನಾ ಒಂದು ಇಡೀ ಸೀಸನ್ ಕೊಟ್ಟು ಉತ್ತರಾ ತಗೊಂಡೀನಿ. ನಾ 56 ಕೆಜಿ, ಆಗ 42ರಾಗ ಹೋಗ್ತಿದ್ದೆ. ಒಬ್ರು ಹಳೇ ಟೂರ್ನಮೆಂಟ್ ಸ್ಕೀ ಮಾರಾಕ ಇಟ್ಟಿದ್ರು, ಸಣ್ಣ ಹೆಣ್ಮಗಳಿಗೆ ಇದು ಹೇಳಿ ಮಾಡಿಸಿಧಂಗ ಐತಿ ಅಂದ್ರು, ನಾ ನಂಬಿ ತಗೊಂಡೆ. ಪ್ರತಿ ಭಾನುವಾರ ಬಿದ್ದೆ. ತಿರುವಿನ್ಯಾಗ ಮೂತಿ ಗಪ್ಪನ ಕಚ್ಚಿಬಿಡ್ತಿತ್ತು, ನಾ ಮುಂದಕ್ಕ ಮಗುಚಿ ಬೀಳ್ತಿದ್ದೆ. ಕಡೀಕ ಎಷ್ಟು ಅಂಜಿಕಿ ಕುಂತಿತ್ತಂದ್ರ, ತೆರಿ ಹತ್ರ ಬಂದ ಕೂಡ್ಲೆ ನನಗ ಗೊತ್ತಿಲ್ದಂಗ ಹಿಂದಕ್ಕ ವಾಲ್ತಿದ್ದೆ, ಆ ಚಟ ಬಿಡಸಾಕ ಮತ್ತ ಒಂದು ವರ್ಷ ಹೋತು. ಅಗಲ ಸ್ಕೀ ಹಾಕ್ಕೊಂಡ ಮೊದಲ ದಿನಾನ ಸಾಲಾಗಿ ಎಂಟು ತಿರುವು ಹೊಡದು ಬಂದೆ, ದಂಡಿಗೆ ಬಂದು ಅತ್ತೀನಿ ಖರೇ.

ಬೂಟಿನ ಬಗ್ಗೆ ಯಾರೂ ಹೇಳಿಲ್ಲ ಅದಕ್ಕ ಹೇಳ್ತೀನಿ. ಮುಂದಿನ ಕಾಲಿಗೆ ಬೂಟು ಇದ್ದ ಇರ್ತೈತಿ, ಹಿಂದಿನದಕ್ಕ ಎರಡು ನಮೂನಿ. ಒಂದು ಬೆರಳು ತೂರಿಸೋ ಪಟ್ಟಿ, ಇನ್ನೊಂದು ಪೂರಾ ಬೂಟು. ನಿಮಗ ಪಟ್ಟಿನೇ ಇರ್ಲಿ, ಏಳೂವಾಗ ಹಿಂದಿನ ಕಾಲು ಹೊರಗ ಬಿಟ್ಟು ನೀರಾಗ ಎಳಕೊಂತ ಎದ್ರ ಸಮತೋಲ ಸಿಗ್ತೈತಿ, ನಿಂತ ಮ್ಯಾಲ ನಿಧಾನಕ ಕಾಲು ತೂರಿಸ್ರಿ. ಮುಂದಿನ ಬೂಟು ಹಿಮ್ಮಡಿ ಎತ್ತಿದ್ರ ಏಳಬಾರದು ಅಷ್ಟು ಬಿಗಿ ಇರ್ಬೇಕು, ಆದ್ರ ಜೋರ ಬಿದ್ದಾಗ ಕಾಲು ಬಿಟ್ಟು ಬರ್ಬೇಕು. ಎರಡೂ ಕಾಲಿಗೆ ಪೂರಾ ಬೂಟು ಹಾಕ್ಕೊಂಡು ಒಂದು ಬಿಚ್ಚಿ ಒಂದು ಬಿಚ್ಚದ ಹೋದ್ರ ಹರಡ ತಿರುಗತೈತಿ, ನಮ್ಮ ವಾರ್ಡಿಗೆ ಬಂದ ಅಂಥಾ ಕಾಲು ನಾ ಕೈಯಾರೆ ಹಿಡದೀನಿ.

ಗೋಕುಲರೋಡ್:
65 ಬ್ಯಾಡ ಅನ್ನೂದಕ್ಕ ನಂದೂ ಒಪ್ಪಿಗಿ. ಆದ್ರ 68ರ ಬಾಳ ಅಗಲದ್ದು ಅನ್ನೂದಕ್ಕ ಪೂರಾ ಒಪ್ಪಂಗಿಲ್ಲ. ಈ ಹುಡುಗ ಎರಡ ವರ್ಷಕ್ಕ ತೆರಿ ದಾಟಾಕತ್ತಾನ, ಬರೋ ಸೀಸನ್ ಮುಗಿಯೂದ್ರಾಗ 50 ದಾಟ್ತಾನ. ಬಾಳ ಅಗಲದ ಸ್ಕೀ 51-52ರ ಮ್ಯಾಲ ನೀರಿನ ಮ್ಯಾಲ ಜಿಗದಾಡ್ತೈತಿ, ಅಂಚಿನ ಮ್ಯಾಲ ಕೆಡವಾಕ ಕಷ್ಟ. ನಡೂ ಅಗಲದ್ದು ಅಂತ ಇರ್ತಾವು, ಎಚ್‌ಓ ಕಂಪನಿ ಓಮ್ನಿ ಅಂಥಾದ್ದ, 45ರಾಗೂ ಎತ್ತತೈತಿ, 55ರ ತನಕಾನೂ ಕೈ ಬಿಡಂಗಿಲ್ಲ. ರೇಡಾರ್ ಕಂಪನಿ ಬಟರ್‌ನೈಫ್ ಇನ್ನೂ ಅಗಲ, ಅದು ಆರಾಮ ಹೋಗೋರಿಗೆ.

ಟೂರ್ನಮೆಂಟ್ ಸ್ಕೀ ಯಾಕ ಹಂಗಿರ್ತೈತಿ ಅನ್ನೂದು ತಿಳದ್ರ ಆ ಆಸೆ ತಾನ ಹೋಗ್ತೈತಿ ತಮ್ಮಾ. ಕೋರ್ಸು, ಅಂದ್ರ ಬಾಲು ಸುತ್ತಿ ಹೋಗೋ ದಾರಿ, 259 ಮೀಟರ್, ಆರು ಬಾಲು, ಪ್ರತಿಯೊಂದೂ ನಡೂ ಗೆರಿಯಿಂದ 11.5 ಮೀಟರ್ ದೂರ. ಗಂಡಸರಿಗೆ 58, ಹೆಂಗಸರಿಗೆ 55 ಮುಟ್ಟಿದ ಮ್ಯಾಲ ಸ್ಪೀಡ್ ಹೆಚ್ಚು ಮಾಡಂಗಿಲ್ಲ, ಹಗ್ಗ ಕಡಿಮಿ ಮಾಡ್ಕೊಂತ ಹೋಗ್ತಾರ, 18.25 ಮೀಟರಿನಿಂದ 16, 14.25, 13, 12, ಆಮ್ಯಾಲ 11.25. ಅಲ್ಲಿಗೆ ಹಗ್ಗದ ಉದ್ದಕ್ಕಿಂತ ಬಾಲು ದೂರ ಆತು, ಮೈಯೆಲ್ಲಾ ಚಾಚಿ ಸ್ಕೀ ಒಂದನ್ನ ಬಾಲಿನ ಆಚೆ ದಾಟಸ್ತಾರ. ಆ ಚೂಪು ತಿರುವಿಗೆ ಹುಟ್ಟಿದ ಸ್ಕೀ ಅದು. ನೀ 18.25ರ ಹಗ್ಗದಾಗ ಉದ್ದ ತಿರುವು ಹೊಡೀತೀದಿ, ಅದರ ಗುಣ ನಿನಗ ಹತ್ತಂಗ ಇಲ್ಲ.

ಸಪ್ತಾಪುರ_ಹುಡುಗ:
ಇಷ್ಟು ಮನಸು ಕೊಟ್ಟು ಬರದೀರಿ, ಬಾಳ ಉಪಕಾರಾತ್ರಿ. ಅಕ್ಕಾರ, ನಿಮ್ಮ ಮಾತು ಓದಿ 65ರ ಆಸೆ ಬಿಟ್ಟೆ, ಗಪ್ಪನ ಕಚ್ಚೋದು ಅಂದ್ರಲ್ಲ, ಗೆಳೆಯಾನ ಸ್ಕೀದಾಗ ನನಗೂ ಒಂದೆರಡು ಸಲ ಹಂಗಾಗೈತಿ. ಮಾಮಾಗ ಫೋನ್ ಹಚ್ಚಿದ್ದೆ, ನಡೂ ಅಗಲದ್ದು ಒಂದು ಸೆಕೆಂಡ್ ಹ್ಯಾಂಡ್ ಐತಿ, ಹೋಗಿ ನೋಡಿ ಬರ್ತೀನಿ ಅಂದ್ರು. ಅವರಿಗೆ ಸ್ಕೀ ಬಗ್ಗೆ ಏನೂ ಗೊತ್ತಿಲ್ಲ, ಏನೇನು ನೋಡಬೇಕು? ಮತ್ತ 67 ಏನು 68 ಏನು?

ಹಾನಗಲ್ಲಿನ_ಅಣ್ಣ:
ಮಾಮಾಗ ಒಂದು ನಾಣ್ಯ ತಗೊಂಡು ಹೋಗಾಕ ಹೇಳು. ಬೂಟು ಕೂಡೋ ಜಾಗದ ಸುತ್ತ, ಆಮ್ಯಾಲ ಫಿನ್ (ತಳದಾಗ ಹಿಂದಿನ ತುದಿಗೆ ಕೂಡಸಿದ ಅಲ್ಯೂಮಿನಿಯಂ ತಗಡು) ಹತ್ರ, ಟಕ್ ಟಕ್ ಅಂತ ಬಡದು ನೋಡ್ಲಿ. ಎಲ್ಲಾ ಕಡೆ ಒಂದ ಸದ್ದು ಬರ್ಬೇಕು. ಒಂದ ಕಡೆ ಒದ್ದಿ ಕಟಗಿ ಬಡಧಂಗ ದಪ್ ಅಂದ್ರ ಒಳಗ ಪದರ ಬಿಟ್ಟೈತಿ, ಇಲ್ಲಾ ಫೋಮ್ ನೀರು ಕುಡದೈತಿ, ಅದನ್ನ ಪುಕ್ಕಟೆ ಕೊಟ್ರೂ ಬ್ಯಾಡ. ಬೂಟಿನ ಸ್ಕ್ರೂ ಬಿಚ್ಚಿ ಮತ್ತ ಹಾಕಿ ನೋಡ್ಲಿ, ಸುಮ್ಮ ಸುತ್ತಾಕತ್ತಿದ್ರ ತೂತಿನ ಒಳಗಿನ ಎಳಿ ಸವದೈತಿ ಅಂತ. ಹೆಬ್ಬಟ್ಟ ಉಗರಿನಿಂದ ಅಂಚಿನುದ್ದಕ್ಕ ಸವರಿದ್ರ ಸೀಳು ಇದ್ರ ಸಿಗ್ತೈತಿ. ರಬ್ಬರ್ ಮಡಚಿದಾಗ ಸಣ್ಣ ಬಿರುಕು ಕಂಡ್ರ ಬೂಟು ಬ್ಯಾರೆ ಹಾಕಬೇಕು, ಆ ಖರ್ಚು ಲೆಕ್ಕಕ್ಕ ಹಿಡೀರಿ.

ಫಿನ್ ಮಾತ್ರ ಮುಟ್ಟಬ್ಯಾಡ. ಅದರ ಉದ್ದ, ಆಳ, ಹಿಂದಿನ ತುದಿಯಿಂದ ಎಷ್ಟು ದೂರ ಅನ್ನೂದನ್ನ ಇಂಚಿನ ಸಾವಿರದ ಪಾಲಿನ್ಯಾಗ ಕ್ಯಾಲಿಪರ್ ಹಿಡದು ಕೂಡಸಿರ್ತಾರ. ಹಿಂದಿನವರು ಅಲುಗಿಸಿದ್ರ ಕಂಪನಿ ಕೊಟ್ಟ ಅಳತಿಗೆ ತಂದು ಇಡು. ಫಿನ್ನಿಗೆ ಸಣ್ಣ ರೆಕ್ಕಿ ಇರ್ತೈತಿ, ಅದು ಬಾಲಿನ ಮುಂದ ಓಟ ತಡಿಯಾಕ, ಸದ್ಯಕ್ಕ ನಿನಗ ಬ್ಯಾಡ, ಬಿಚ್ಚಿ ಡಬ್ಬಿಯೊಳಗ ಇಡು.

67ನೋ 68ನೋ ಅಂದ್ರ ಆ ಮಾಡೆಲ್ಲಿನ ಚಾರ್ಟ್ ನೋಡು, ಒಂದೊಂದರ ಅಗಲ ಒಂದೊಂದು ನಮೂನಿ. ನಿನ್ನ ತೂಕ ಎರಡರ ನಡುವ ಬಂದ್ರ 45ರ ಸ್ಪೀಡಿಗೆ ದೊಡ್ಡದನ್ನ ಹಿಡಿ. ಗೋಕುಲರೋಡಿನವರು ಹೇಳೂದು ಸುಳ್ಳಲ್ಲ, 50 ದಾಟ್ತೀದಿ, ಆದ್ರ ಮೊದಲು ಹತ್ತಕ್ಕ ಹತ್ತು ಸಲ ನೀರಿಂದ ಏಳಬೇಕು.

ಗೋಕುಲರೋಡ್:
ನಡೂ ಅಗಲದ್ದ ಆದ್ರ 68ಕ್ಕ ನಂದೂ ಹೂಂ. ನಾ ಬ್ಯಾಡ ಅಂದಿದ್ದು ಬಾಳ ಅಗಲದ 68ಕ್ಕ.

ಗದಗಿನಕಿ:
68 ಇಂಚು ಅಂದ್ರ 173 ಸೆಂಟಿಮೀಟರ್, ವಿಮಾನದಾಗ ದೊಡ್ಡ ಸಾಮಾನಿನ ಲೆಕ್ಕಕ್ಕ ಹಾಕ್ತಾರ, ಮಾಮಾರಿಗೆ ಮೊದಲ ಕೇಳಿ ಇಟ್ಕೊಳ್ಳಾಕ ಹೇಳ್ರಿ. ಫಿನ್ನಿಗೆ ದಪ್ಪ ಅರಿವಿ ಸುತ್ತಬೇಕು, ಅಲ್ಯೂಮಿನಿಯಂ ಪಟ್ಟಂತ ಬಾಗ್ತೈತಿ. ನಿಮ್ಮ ಮುಂದಿನ ಪಾದದ ಉದ್ದಾನೂ ಅಳದು ಕಳಸ್ರಿ.

ಸಪ್ತಾಪುರ_ಹುಡುಗ:
ಈಗ ಗ್ವಾಡಿಗೆ ಹಿಮ್ಮಡಿ ಹಚ್ಚಿ ಅಳದೆ ಅಕ್ಕಾರ, ಎಡಗಾಲು 27 ಸೆಂಟಿಮೀಟರ್ ಬಂತು. ನಾಣ್ಯದ ಮಾತು ಮಾಮಾಗ ಹೇಳೀನಿ, ಶನಿವಾರ ಹೋಗ್ತಾರಂತ. ಬಡದ ಸದ್ದು ಫೋನಿನ್ಯಾಗ ರೆಕಾರ್ಡ್ ಮಾಡಿ ಕಳಸ್ರಿ ಅಂದೀನಿ, ಬಂದ ಕೂಡ್ಲೆ ಇಲ್ಲೇ ಹಾಕ್ತೀನಿ, ಹಾನಗಲ್ಲಿನ ಅಣ್ಣಾರು ಒಂದ್ಸಲ ಕೇಳಿ ಹೇಳ್ರಿ.