ಪದಚರ್ಚೆ: ವಸ್ತು ಹೋಗಿ ಗುರುತಷ್ಟೇ ಉಳಿದರೆ ಏನನ್ನಬೇಕು? ಅವಶೇಷ, ಕುರುಹು, ಖೂನ

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಗದಗ ಹತ್ತಿರದ ಒಂದು ಹೈಸ್ಕೂಲಿಗೆ ತಿಂಗಳಿಗೊಮ್ಮೆ ಹೋಗಿ ಮಕ್ಕಳ ಜೊತೆ ವಿಜ್ಞಾನದ ಮಾತಾಡುತ್ತೇನೆ. ಈ ಸಲದ ವಿಷಯ: ಮನುಷ್ಯರು ಹುಟ್ಟುವ ಮೊದಲೇ ಬೇರೆ ಯಾವುದೋ ಜೀವಿ ಈ ಭೂಮಿ ಮೇಲೆ ಊರು ಕಟ್ಟಿ, ಯಂತ್ರ ಓಡಿಸಿ, ಆಮೇಲೆ ಅಳಿದು ಹೋಗಿರಬಹುದಾ? 2018ರಲ್ಲಿ ಆಡಮ್ ಫ್ರಾಂಕ್ ಮತ್ತು ಗ್ಯಾವಿನ್ ಶ್ಮಿಟ್ ಎಂಬ ವಿಜ್ಞಾನಿಗಳು ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಅಂಥ ಜೀವಿ ಇತ್ತು ಎಂದು ಅವರು ಹೇಳುವುದಿಲ್ಲ. ಇದ್ದಿದ್ದರೆ ನಮಗೆ ಗೊತ್ತಾಗುತ್ತಿತ್ತಾ ಎಂದು ಕೇಳುತ್ತಾರೆ, ಅಷ್ಟೇ.

ನಾನು ಬೋರ್ಡಿನ ಮೇಲೆ ‘ಮಾನವಪೂರ್ವ ನಾಗರಿಕತೆಯ ಅವಶೇಷಗಳು’ ಎಂದು ಬರೆದೆ. ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ಕೇಳಿದಳು: “ಸರ್, ಅವಶೇಷ ಅಂದ್ರ ಲಕ್ಕುಂಡಿಯೊಳಗ ಇದ್ದಂಗ ಅಲ್ರಿ? ಹಂಗಾದ್ರ ಒಂದಾರ ಸಿಗಬೇಕಿತ್ತಲ್ರಿ.”

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ಪದ. ಗದಗದ ಮಕ್ಕಳಿಗೆ ಅವಶೇಷ ಎಂದರೆ ಲಕ್ಕುಂಡಿಯ ಗುಡಿ, ಬಾವಿ, ಕಂಬ. ಅತ್ತಿಮಬ್ಬೆ ಅಲ್ಲಿ ಬಸದಿ ಕಟ್ಟಿಸಿ ಸಾವಿರ ವರ್ಷವಾಯಿತು, ಈಗಲೂ ನಿಂತಿದೆ. ಆದರೆ ಇಲ್ಲಿ ಮಾತಾಡುತ್ತಿರುವುದು ಕೋಟಿ ಕೋಟಿ ವರ್ಷಗಳ ಲೆಕ್ಕ. ಅಷ್ಟು ಹೊತ್ತಿಗೆ ಕಲ್ಲಿನ ಕಂಬವೂ ಸವೆದು ಮಣ್ಣಾಗಿರುತ್ತದೆ. ಸಮುದ್ರದ ತಳ ಕೂಡ ಭೂಮಿಯೊಳಗೆ ಜಾರಿ ಕರಗುತ್ತದೆ. 20 ಕೋಟಿ ವರ್ಷಕ್ಕಿಂತ ಹಳೆಯ ಸಮುದ್ರತಳ ಇವತ್ತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇನ್ನು ನಮ್ಮ ನಗರಗಳೆಲ್ಲ ಸೇರಿದರೂ ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ.

ಹಾಗಾದರೆ ಉಳಿಯುವುದೇನು? ತೆಳುವಾದ ಒಂದು ಪದರ. ಅದರಲ್ಲಿ ಇಡೀ ವಸ್ತು ಇರುವುದಿಲ್ಲ, ಹೆಚ್ಚಾಗಿ ರಸಾಯನದ ವ್ಯತ್ಯಾಸ ಇರುತ್ತದೆ. ಕಾರ್ಬನ್ನಿನಲ್ಲಿ ಹಗುರದ್ದು, ಭಾರದ್ದು ಎಂದು ಬಗೆಗಳಿವೆ. ಗಿಡಗಳು ಗಾಳಿಯಿಂದ ಕಾರ್ಬನ್ ಹೀರುವಾಗ ಅದರಲ್ಲಿ ಹಗುರಾದದ್ದನ್ನೇ ಜಾಸ್ತಿ ಹೀರುತ್ತವೆ. ಕಲ್ಲಿದ್ದಲು ಆಗಿದ್ದು ಅಂಥ ಗಿಡಗಳಿಂದ. ಅದನ್ನು ಸುಟ್ಟರೆ ಗಾಳಿಯಲ್ಲಿ, ನೀರಿನಲ್ಲಿ, ಕೊನೆಗೆ ಸಮುದ್ರದ ಕೆಸರಿನಲ್ಲಿ ಆ ಹಗುರ ಕಾರ್ಬನ್ನಿನ ಪಾಲು ಏರುತ್ತದೆ. ಗೊಬ್ಬರದ ನೈಟ್ರೋಜನ್, ಪ್ಲಾಸ್ಟಿಕ್ಕಿನ ಚೂರು ಕೂಡ ಅದೇ ಕೆಸರಿಗೆ ಸೇರುತ್ತವೆ. ಕೆಸರು ಗಟ್ಟಿಯಾಗಿ ಕಲ್ಲಾಗುತ್ತದೆ.

ಇದಕ್ಕೆ ಅವಶೇಷ ಎನ್ನಲು ಮನಸ್ಸು ಒಪ್ಪುವುದಿಲ್ಲ. ಪಳೆಯುಳಿಕೆಯೂ ಆಗದು. ಅದು ಒಳ್ಳೆಯ ಪದವೇ, ಹಳೆಯದರ ಉಳಿಕೆ. ಆದರೆ ಇಲ್ಲಿ ಹಳೆಯದು ಏನೂ ಉಳಿದಿಲ್ಲವಲ್ಲ.

ಆಗ ನೆನಪಾದದ್ದು ನಮ್ಮ ಸೋದರಮಾವನ ಹೊಲ. ನಾನು ಚಿಕ್ಕವನಿದ್ದಾಗ ಅಲ್ಲಿ ಬಾವಿ ತೋಡಿಸಿದರು. ಮೇಲೆ ಎರೆಮಣ್ಣು, ಕೆಳಗೆ ಗರಸು ಬರಬೇಕು. ನಡುವೆ ಒಂದು ಮೊಳದಷ್ಟು ಬೂದಿ ಬಣ್ಣದ ನುಣುಪು ಮಣ್ಣು ಬಂತು. ತೋಡುವ ಹಿರಿಯರೊಬ್ಬರು ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇಲ್ಲಿ ಹಿಂದ ಕೆರಿ ಇತ್ತು ನೋಡ್ರಿ, ಮಣ್ಣಿನ್ಯಾಗ ಖೂನ ಐತಿ” ಎಂದರು. ಖೂನ ಎಂದರೆ ಗುರುತು. ಕೆರೆ ಇಲ್ಲ, ಏರಿ ಇಲ್ಲ, ಕೆರೆಯ ಹೆಸರು ಹೇಳುವವರೂ ಇಲ್ಲ. ಹೂಳು ಮಾತ್ರ ಹೇಳುತ್ತಿತ್ತು. ಫ್ರಾಂಕ್ ಮತ್ತು ಶ್ಮಿಟ್ ಹುಡುಕುವುದೂ ಇದನ್ನೇ ಅಲ್ವಾ?

ಖೂನ ನಮ್ಮ ಕಡೆ ದಿನಬಳಕೆಯ ಪದ. ಮರಾಠಿಯ ಖೂಣದಿಂದ ಬಂದದ್ದು. ಬಹಳ ದಿನದ ಮೇಲೆ ಸಿಕ್ಕವರನ್ನು “ಖೂನ ಸಿಗಲಿಲ್ಲೇನ?” ಎಂದು ಕೇಳುತ್ತೇವೆ. ಇದರ ದೊಡ್ಡ ಲಾಭ ಎಂದರೆ ‘ಖೂನ ಹಿಡಿ’ ಎಂಬ ಕ್ರಿಯಾಪದ. ಈ ವಿಷಯದಲ್ಲಿ ಅದು ತುಂಬಾ ಬೇಕು, ಏಕೆಂದರೆ ಗುರುತು ಇದ್ದರೆ ಸಾಲದು, ಯಾರದು ಎಂದು ಹಿಡಿಯಬೇಕು. 5.6 ಕೋಟಿ ವರ್ಷದ ಹಿಂದೆ ಭೂಮಿ 5ರಿಂದ 8 ಡಿಗ್ರಿಯಷ್ಟು ಬಿಸಿಯಾಗಿತ್ತು. ಆ ಕಾಲದ ಕಲ್ಲಿನಲ್ಲೂ ಹಗುರ ಕಾರ್ಬನ್ ಹೀಗೆಯೇ ಏರಿದೆ. ಅದು ಏರಲು ಸಾವಿರಾರು ವರ್ಷ ಹಿಡಿಯಿತು, ನಾವು ಏರಿಸುತ್ತಿರುವುದು ಎರಡು ಮೂರು ನೂರು ವರ್ಷದಲ್ಲಿ. ಉತ್ತರ ಅಟ್ಲಾಂಟಿಕ್ ಕಡೆಯ ಜ್ವಾಲಾಮುಖಿಗಳನ್ನು ಆಗಿನ ಏರಿಕೆಯ ಮುಖ್ಯ ಕಾರಣವೆಂದು ಹಲವರು ತೋರಿಸುತ್ತಾರೆ. ಗುರುತು ಒಂದೇ ಥರ, ಮಾಡಿದವರು ಬೇರೆ. ಅವಶೇಷ ಎಂದುಬಿಟ್ಟರೆ ಯಾರೋ ಕಟ್ಟಿದ್ದು ಎಂದು ಮೊದಲೇ ಒಪ್ಪಿದಂತಾಗುತ್ತದೆ.

ತೊಂದರೆ ಒಂದಿದೆ. ಮೈಸೂರು, ಬೆಂಗಳೂರು ಕಡೆಯ ಓದುಗರು ಖೂನ ಎಂದರೆ ಖೂನಿ ಎಂದುಕೊಳ್ಳುತ್ತಾರೆ. ಆ ಪದ ರಕ್ತ ಎಂಬ ಅರ್ಥದ ಪಾರ್ಸಿ ಪದದಿಂದ ಬಂದದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ‘ಕಲ್ಲಿನಲ್ಲಿ ಖೂನ’ ಎಂದು ತಲೆಬರಹ ಹಾಕಿದರೆ ಪತ್ತೇದಾರಿ ಕಥೆಯಂತೆ ಕಾಣುತ್ತದೆ.

ಹಾಗಾಗಿ ಬರಹಕ್ಕೆ ಕುರುಹು ಸರಿ ಎನ್ನುವ ಕಡೆ ವಾಲುತ್ತಿದ್ದೇನೆ. ವಚನಗಳಲ್ಲಿ ಅರಿವು, ಕುರುಹು ಜೋಡಿಯಾಗಿ ಬರುತ್ತವೆ. ಅಲ್ಲಿ ಕುರುಹು ಎಂದರೆ ಕೈಯಲ್ಲಿರುವ ಇಷ್ಟಲಿಂಗ, ಕಣ್ಣಿಗೆ ಕಾಣದ್ದನ್ನು ತೋರಿಸುವಂಥದ್ದು. ಅರ್ಥ ಚೆನ್ನಾಗಿ ಹೊಂದುತ್ತದೆ. ಆದರೆ ಕುರುಹಿಗೆ ‘ಖೂನ ಹಿಡಿ’ಯಂಥ ಕ್ರಿಯಾಪದ ಇಲ್ಲ. ‘ಕುರುಹು ಹಿಡಿ’ ಎಂದು ಬರೆದು ನೋಡಿದೆ, ಕಿವಿಗೆ ಹತ್ತಲಿಲ್ಲ.

ಜೊತೆಗೆ ಸಣ್ಣ ವಿಷಯಗಳು. ‘ಮಾನವಪೂರ್ವ’ ಎಂದದ್ದಕ್ಕೆ ಅರ್ಧ ಕ್ಲಾಸು ಆದಿಮಾನವ ಎಂದುಕೊಂಡಿತ್ತು. ‘ಮನುಷ್ಯ ಹುಟ್ಟುವ ಮೊದಲಿನ’ ಎಂದು ಬಿಡಿಸಿ ಬರೆಯುವುದೇ ಒಳ್ಳೆಯದು. ‘ಕೈಗಾರಿಕೆ’ಯಲ್ಲಿ ಕೈ ಇದೆ. ಕೈಯೇ ಇಲ್ಲದ ಜೀವಿಗೆ ಅದು ಹೇಗೆ ಒಪ್ಪೀತು? ಉದ್ದಿಮೆ ಎಂದು ಬದಲಿಸಿದೆ. ಪ್ರಬಂಧದ ಊಹೆಗೆ ‘ಸೈಲ್ಯೂರಿಯನ್’ ಎಂಬ ಹೆಸರಿದೆ, ಅದನ್ನು ‘ಸೈಲ್ಯೂರಿಯನ್ ಯುಗದ ಸಿದ್ಧಾಂತ’ ಎಂದರೆ ಎರಡು ತಪ್ಪು. ಸುಮಾರು 44 ಕೋಟಿ ವರ್ಷ ಹಿಂದೆ ಶುರುವಾದ ಆ ಯುಗಕ್ಕೂ ಇದಕ್ಕೂ ನೇರ ನಂಟಿಲ್ಲ. ಹೆಸರು ಬಂದಿದ್ದು 1970ರ ಒಂದು ಬ್ರಿಟಿಷ್ ಟೀವಿ ಕಥೆಯ ಹಲ್ಲಿ ಜನಾಂಗದಿಂದ. ಮತ್ತೆ, ಇದು ಸಿದ್ಧಾಂತವೂ ಅಲ್ಲ.

ಆ ಹುಡುಗಿ ಕಪ್ಪತಗುಡ್ಡದಲ್ಲಿ ಹುಡುಕಬಹುದಾ ಎಂದೂ ಕೇಳಿದಳು. ಆ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು, ಆಗ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ ಎಂದೆ. ಅವಳ ಮುಖ ಸಣ್ಣಗಾಯಿತು. ಮುಂದಿನ ತಿಂಗಳು ಹೋಗುವಾಗ ಸರಿಯಾದ ಪದ ಒಯ್ಯಬೇಕು ಎಂದು ಆಸೆ.

ಬಲ್ಲವರು ತಿಳಿಸಿ: ಹಾವೇರಿ, ರಾಣೆಬೆನ್ನೂರು ಕಡೆ ಮಣ್ಣು, ಕಲ್ಲಿನ ಗುರುತಿಗೂ ಖೂನ ಎನ್ನುತ್ತಾರಾ, ಅಥವಾ ಮನುಷ್ಯರ ಮುಖಕ್ಕೆ, ದನಕ್ಕೆ ಮಾತ್ರವಾ? ಬಾವಿ ತೋಡುವವರ ಮಾತಿನಲ್ಲಿ ಇಂಥ ಪದರಕ್ಕೆ ಬೇರೆ ಹೆಸರಿದೆಯಾ? ಕುರುಹಿನ ಜೊತೆ ಸಹಜವಾಗಿ ಕೂರುವ ಕ್ರಿಯಾಪದ ಯಾರಾದರೂ ಕೇಳಿದ್ದರೆ, ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ ಬರೆಯಿರಿ.