ಇಂಟೋನೇಶನ್‌ಗೂ ಶ್ರುತಿ ಎನ್ನಬಹುದೇ?

ದಾವಣಗೆರೆಯಿಂದ ಪ್ರಶ್ನೆ: ಇಲ್ಲಿನ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರಿನ ಬಿರಡೆ ತಿರುಗಿಸಿದರೂ 'ಶ್ರುತಿ ಮಾಡೋದು', ಬ್ರಿಜ್ಜಿನ ಸ್ಕ್ರೂ ತಿರುಗಿಸಿದರೂ 'ಶ್ರುತಿ ಮಾಡೋದು'. ಎರಡನೆಯದಕ್ಕೆ ಬೇರೆ ಮಾತಿದೆಯೇ? ವೀಣೆಯವರ 'ಮೇಳ ಕಟ್ಟುವುದು' ಹೊಂದುತ್ತದೆಯೇ?

ಉತ್ತರ: ಸರ್, ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಕೆಲಸದ ಕ್ರಮವೇ ತಪ್ಪುತ್ತದೆ. ಒತ್ತದ ತಂತಿಯನ್ನು ಇ, ಎ, ಡಿ, ಜಿ ಸ್ವರಗಳಿಗೆ ತರುವುದು ಶ್ರುತಿ. ದಪ್ಪ ಇ ತಂತಿಗೆ ಸುಮಾರು 41 ಹರ್ಟ್ಸ್, ಜಿಗೆ 98. ಸ್ವರಕ್ಕೆ ಕೆಳಗಿನಿಂದ ಏರಿಸುತ್ತಲೇ ಬನ್ನಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಬಿರಡೆಯ ಹಲ್ಲಿನಲ್ಲಿ ಸಡಿಲ ಉಳಿದು ತಂತಿ ಜಾರುತ್ತದೆ.

ಒತ್ತಿದ ಸ್ವರವೂ ಸ್ಥಾನದಲ್ಲಿ ನಿಲ್ಲುವಂತೆ ಮಾಡುವುದು ಇಂಟೋನೇಶನ್. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಸ್ವರ ತಪ್ಪಿದರೆ ಮೆಟ್ಟಿಲನ್ನೇ ಸರಿಸುತ್ತಾರೆ, ಅದೇ ಮೇಳ ಕಟ್ಟುವುದು. ಬೇಸ್‌ನ ಮೆಟ್ಟಿಲು, ಅಂದರೆ ಫ್ರೆಟ್ಟು, ಮರಕ್ಕೆ ಕಚ್ಚಿಕೊಂಡಿದೆ. ಸರಿಯುವುದು ಸ್ಯಾಡಲ್, ಅಂದರೆ ಕುದುರೆ. ಹಾಗಾಗಿ 'ಮೇಳ ಕಟ್ಟುವುದು' ಉದ್ದೇಶಕ್ಕೆ ಹತ್ತಿರ, ಕೈಕೆಲಸಕ್ಕೆ ದೂರ. 'ಸ್ವರಸ್ಥಾನ ಕೂಡಿಸುವುದು' ಎನ್ನುವುದೇ ನನಗೆ ಸರಿ ಕಾಣುತ್ತದೆ. 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ, ಟ್ಯೂನರ್ ನೋಡಿ. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ನೆಕ್ಕಿನಿಂದ ಹಿಂದಕ್ಕೆ ತನ್ನಿ, ಇಳಿದಿದ್ದರೆ ಮುಂದಕ್ಕೆ. ಸರಿಸಿದಾಗಲೆಲ್ಲ ಮತ್ತೆ ಶ್ರುತಿ ಮಾಡಲೇಬೇಕು. ಸವೆದ ತಂತಿಯ ಮೇಲೆ ಈ ಕೆಲಸ ದಂಡ.

ಬೇಸನ್ನು ಹದಕ್ಕೆ ತರುವುದರಲ್ಲಿ ಇದು ಕೊನೆಯ ಹೆಜ್ಜೆ. ಮೊದಲು ನೆಕ್ಕಿನ ಬಾಗು (ರಿಲೀಫ್), ಆಮೇಲೆ ತಂತಿಯ ಎತ್ತರ (ಆಕ್ಷನ್). ಮೊದಲ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ, ನೆಕ್ಕು ಬಾಡಿಗೆ ಸೇರುವ ಕಡೆ ತಂತಿ ಒತ್ತಿ ಹಿಡಿದು, 7–8ನೇ ಫ್ರೆಟ್ಟಿನ ಮೇಲಿನ ಸಂದು ಅಳೆಯಿರಿ. 0.3 ಮಿ.ಮೀ. ಆಸುಪಾಸು ಇರಲಿ. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜೇ ಸಾಕು. ಬಾಗನ್ನು ಹೆಚ್ಚು ಕಡಿಮೆ ಮಾಡುವುದು ನೆಕ್ಕಿನೊಳಗಿನ ಕಬ್ಬಿಣದ ಸಲಾಕೆ, ಟ್ರಸ್ ರಾಡ್. ಅದನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಎತ್ತರ 17ನೇ ಫ್ರೆಟ್ಟಿನಲ್ಲಿ ಇ ತಂತಿಗೆ ಸುಮಾರು 2.4, ಜಿಗೆ 2 ಮಿ.ಮೀ. ಎತ್ತರ ಹೆಚ್ಚಿದಷ್ಟೂ ಒತ್ತಿದಾಗ ತಂತಿ ಹೆಚ್ಚು ಎಳೆದುಕೊಂಡು ಸ್ವರ ಏರುತ್ತದೆ. ಕುದುರೆ ಸರಿಸಿದ ಮೇಲೆ ಎತ್ತರ ಮುಟ್ಟಬಾರದೆನ್ನುವುದು ಇದಕ್ಕೇ.

ತಂತಿ ಫ್ರೆಟ್ಟಿಗೆ ತಗುಲಿ ಬರುವ ಸದ್ದಿಗೆ (ಫ್ರೆಟ್ ಬಜ್) ದಯವಿಟ್ಟು 'ಝೇಂಕಾರ' ಎನ್ನಬೇಡಿ. ಅದು ತಂಬೂರಿಗೆ ಜೀವಾಳ (ತಂತಿಯಡಿಯ ನೂಲು) ಇಟ್ಟು ಬೇಕೆಂದೇ ತರಿಸುವ ನಾದ. ಇಲ್ಲಿಯದು ದೋಷ, 'ತಂತಿ ಝರ್‌ಗುಟ್ಟುತ್ತೆ' ಎಂಬ ಆಡುಮಾತೇ ಚೆನ್ನ. ದಾವಣಗೆರೆ, ಚಿತ್ರದುರ್ಗದ ಒಣ ಬೇಸಿಗೆಯಲ್ಲಿ ಮರದ ತೇವ ಹೋಗಿ ಬಾಗು ಕಡಿಮೆಯಾಗುತ್ತದೆ, ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ತಂತಿ ಝರ್‌ಗುಟ್ಟುತ್ತದೆ. ಆಗ ಕುದುರೆ ಎತ್ತುವುದು ಮದ್ದಲ್ಲ. ಸಂದು ಅಳೆದು ಟ್ರಸ್ ರಾಡನ್ನು ತುಸು ಸಡಿಲಿಸಿ.