ಪ್ರಯೋಗದ ಆವೃತ್ತಿಗೆ ನಮ್ಮ ಮನೆಯ ಕಂಪ್ಯೂಟರ್ ಏಕೆ ಬಲಿಯಾಗಬೇಕು?

ತುಂಗಾತೀರ: ತಂತ್ರಾಂಶವೊಂದರ ಬಿಡುಗಡೆಗೆ ಮುಂಚಿನ ಆವೃತ್ತಿಯನ್ನು ನನ್ನ ಒಂದೇ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೆ. ಮೂರನೆಯ ಅಪ್‌ಡೇಟ್ ಆದ ಮೇಲೆ ಅದು ಚಾಲೂ ಆಗಲೇ ಇಲ್ಲ. ಡಿ ಡ್ರೈವಿನಲ್ಲಿ ಬ್ಯಾಕಪ್ ಇದ್ದುದರಿಂದ ಉಳಿದುಕೊಂಡೆ. ಪರೀಕ್ಷಿಸುವುದು ಸಂಬಳ ಪಡೆಯುವವರ ಕೆಲಸ. ನಾವು ಪುಕ್ಕಟೆ ದುಡಿದದ್ದು ಸಾಕು.

ಪೆಂಗ್ವಿನ್ ಪ್ರಿಯ: ಪುಕ್ಕಟೆ ದುಡಿಮೆಯೇ? ಯಾರೂ ನಿಮ್ಮ ಕೈಹಿಡಿದು ಎಳೆಯಲಿಲ್ಲ. ಲಿನಕ್ಸ್ 5.12ರ ಮೊದಲ ಪರೀಕ್ಷಾ ಆವೃತ್ತಿಯಲ್ಲಿ, ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಫೈಲ್) ಇಟ್ಟುಕೊಂಡವರ ಡಿಸ್ಕಿನ ದತ್ತಾಂಶವೇ ಕೆಡುವಂಥ ದೋಷವಿತ್ತು. 2021ರ ಮಾರ್ಚಿನಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಅದರ ಹೆಸರಿಗೇ ‘ಡೋಂಟ್‌ಯೂಸ್’ (ಬಳಸಬೇಡಿ) ಎಂದು ಸೇರಿಸಿ ಎಲ್ಲರನ್ನೂ ಎಚ್ಚರಿಸಿದರು. ಮುಂಚೆಯೇ ಬಳಸಿ ನೋಡಿದವರು ಇದ್ದುದರಿಂದ ಅದು ಅಂತಿಮ ಆವೃತ್ತಿಯವರೆಗೆ ಬರಲಿಲ್ಲ.

ಮಲೆನಾಡಿಗಿತ್ತಿ: ‘ಬಳಸಿ ನೋಡಿದವರು ಇದ್ದುದರಿಂದ’ ಎನ್ನುತ್ತೀರಿ. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಳಿಸಿಹಾಕಿತು. ಇನ್‌ಸೈಡರ್ ಪರೀಕ್ಷಕರು, ಅಂದರೆ ಬಿಡುಗಡೆಗೆ ಮುಂಚೆ ಬಳಸಿ ನೋಡುವ ಸ್ವಯಂಸೇವಕರು, ತಿಂಗಳುಗಳ ಮುಂಚೆಯೇ ದೂರು ಬರೆದಿದ್ದರು. ಇತರ ಬಳಕೆದಾರರ ಮತ ಕಡಿಮೆ ಬಿದ್ದ ಆ ದೂರುಗಳು ರಾಶಿಯ ಅಡಿಯಲ್ಲೇ ಉಳಿದವು. ಕೆಲವೇ ದಿನಗಳಲ್ಲಿ ವಿತರಣೆ ನಿಂತಿತು, ಮತ್ತೆ ಶುರುವಾದದ್ದು ನವೆಂಬರ್ 13ಕ್ಕೆ. ಕೇಳುವವರೇ ಇಲ್ಲದಿದ್ದರೆ ಪರೀಕ್ಷಕರಿದ್ದು ಏನು ಬಂತು?

ಹಳೆಯ ಕೀಲಿಮಣೆ: ತುಂಗಾತೀರ ಅವರೇ, ಡಿ ಡ್ರೈವ್ ಅಂದರೆ ಅದೇ ಡಿಸ್ಕಿನ ಇನ್ನೊಂದು ಭಾಗ ತಾನೇ? ಅದನ್ನು ಬ್ಯಾಕಪ್ ಎನ್ನಬೇಡಿ.

ತುಂಗಾತೀರ: ನನ್ನ ಫೈಲುಗಳೆಲ್ಲ ಸಿಕ್ಕಿವೆ. ಇನ್ನೇನು ಬೇಕು?

ಹಳೆಯ ಕೀಲಿಮಣೆ: ಸಿಕ್ಕಿದ್ದು ಅದೃಷ್ಟ. ಒಂದೇ ಪೆಟ್ಟಿಗೆಯ ಎರಡು ಅರೆಗಳಲ್ಲಿ ಒಡವೆ ಹಂಚಿಟ್ಟರೆ, ಕಳ್ಳ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದಾಗ ಏನು ಮಾಡುತ್ತೀರಿ? ಡಿಸ್ಕ್ ಕೆಟ್ಟರೆ ಸಿ, ಡಿ ಎರಡೂ ಹೋಗುತ್ತವೆ.

ಪೆಂಗ್ವಿನ್ ಪ್ರಿಯ: ಅದಕ್ಕೇ ಕ್ಲೌಡ್ ಇರುವುದು.

ಹಳೆಯ ಕೀಲಿಮಣೆ: ಕ್ಲೌಡಿಗೆ ಸಿಂಕ್ ಆದ ಮಾತ್ರಕ್ಕೆ ಬ್ಯಾಕಪ್ ಆಗುವುದಿಲ್ಲ! ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

ಪೆಂಗ್ವಿನ್ ಪ್ರಿಯ: ಅಲ್ಲಿ ಕಸದ ಬುಟ್ಟಿ ಇರುತ್ತದೆ, ಹಳೆಯ ಪ್ರತಿಗಳೂ ಇರುತ್ತವೆ. ತಿಳಿಯದೆ ಮಾತನಾಡಬೇಡಿ.

ಹಳೆಯ ಕೀಲಿಮಣೆ: ತಿಳಿಯದೆಯೇ? ಸತ್ತ ಡಿಸ್ಕುಗಳಿಂದ ಜನರ ಮದುವೆಯ ಫೋಟೊ ಹೊರತೆಗೆಯುವುದೇ ನನ್ನ ಹೊಟ್ಟೆಪಾಡು. ಬುಟ್ಟಿಯಲ್ಲಿದ್ದದ್ದು ಅವಧಿ ಮುಗಿದ ಮೇಲೆ ಹೋಗುತ್ತದೆ. ಅಷ್ಟರಲ್ಲಿ ನೀವು ಗಮನಿಸದಿದ್ದರೆ?

ತುಂಗಾತೀರ: ನಾನು ಕೇಳಿದ್ದು ಯಾರು ಪರೀಕ್ಷಿಸಬೇಕು ಎಂದು. ನೀವು ನನ್ನ ಡಿ ಡ್ರೈವನ್ನು ಹಿಡಿದು ಕುಳಿತಿದ್ದೀರಿ.

ಹಳೆಯ ಕೀಲಿಮಣೆ: ಅದನ್ನು ಬ್ಯಾಕಪ್ ಎಂದು ಬರೆದವರು ನೀವೇ. ಹೊಸಬರು ಓದಿ ನಂಬುತ್ತಾರೆ. ಎಕ್ಸ್‌ಟರ್ನಲ್ ಡಿಸ್ಕಿಗೆ ಒಂದು ಪ್ರತಿ ಹಾಕಿ, ಕೇಬಲ್ ಕಿತ್ತು, ಬೀರುವಿನಲ್ಲಿಟ್ಟ ಮೇಲೆ ಮಾತನಾಡಿ.

ಪೆಂಗ್ವಿನ್ ಪ್ರಿಯ: ಮಲೆನಾಡಿಗಿತ್ತಿ ಅವರಿಗೆ: 1809ರಲ್ಲಿ ಫೈಲ್ ಕಳೆದುಕೊಂಡೆವೆಂಬ ವರದಿಗಳು ಶೇ. 0.01ರಷ್ಟು ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಅದನ್ನೇಕೆ ಬಿಟ್ಟಿರಿ?

ಮಲೆನಾಡಿಗಿತ್ತಿ: ಶೇ. 0.01 ಎಂಬ ಅಂಕಿಯನ್ನು ಫೈಲ್ ಕಳೆದುಕೊಂಡವರ ಮುಂದೆ ನಿಂತು ಹೇಳಿ ನೋಡೋಣ! ಪ್ರಬಂಧದ ಕರಡು ಹೋದ ವಿದ್ಯಾರ್ಥಿಗೆ ಅದು ನೂರಕ್ಕೆ ನೂರು.

ಅಕ್ಷರಜೀವಿ: ಒಂದು ಮಾತು. ‘ಅರ್ಕ’ದ ಅರ್ಕಾವೊತ್ತು, ‘ರ‍್ಯಾಂಕ್’ ಎಂಬುದರ ಯಾವತ್ತು ಸರಿಯಾಗಿ ಮೂಡುತ್ತವೆಯೋ ಎಂದು ಮುಂಚಿನ ಆವೃತ್ತಿಯಲ್ಲೇ ಕನ್ನಡಿಗರು ನೋಡದಿದ್ದರೆ ಬೇರೆ ಯಾರು ನೋಡುತ್ತಾರೆ? ನಾನು ಅದಕ್ಕೆಂದೇ ಒಂದು ಹಳೆಯ ಯಂತ್ರವನ್ನು ಇಟ್ಟುಕೊಂಡಿದ್ದೇನೆ.

ತುಂಗಾತೀರ: ‘ಹಳೆಯ ಯಂತ್ರ’ ಎಂದಿರಿ. ಎರಡನೆಯ ಕಂಪ್ಯೂಟರ್ ಕೊಳ್ಳಲಾಗದವರು ಪರೀಕ್ಷಿಸಬಾರದು ಎಂದಾಯಿತು.

ಅಕ್ಷರಜೀವಿ: ಹಾಗೆ ನಾನು ಹೇಳಲಿಲ್ಲ. ವರ್ಚುವಲ್ ಯಂತ್ರದಲ್ಲಿಯೂ, ಅಂದರೆ ಇರುವ ಕಂಪ್ಯೂಟರಿನೊಳಗೇ ತಂತ್ರಾಂಶದಿಂದ ಮಾಡಿಕೊಂಡ ಇನ್ನೊಂದು ಕಂಪ್ಯೂಟರಿನಲ್ಲಿ, ಓಡಿಸಬಹುದು.

ಹಳೆಯ ಕೀಲಿಮಣೆ: ಆ ವರ್ಚುವಲ್ ಯಂತ್ರದ ಫೈಲನ್ನು ಯಾವ ಡ್ರೈವಿನಲ್ಲಿ ಇಡುತ್ತೀರಿ?